ಕುರಿ ಸುಲಿಯಲು ಬೇಟೆ ಚೂರಿ ಬೇಕೆ?

ಪ್ರಶ್ನೆ: ವರ್ಷಕ್ಕೆ ಮೂರ್ನಾಲ್ಕು ಸಲ ಮನೆಯಲ್ಲೇ ಕುರಿ, ಆಡು ಕೊಯ್ಯುತ್ತೇವೆ. ಮಗ ಆನ್‌ಲೈನಿನಲ್ಲಿ 7 ಇಂಚಿನ ಹಂಟಿಂಗ್ ನೈಫ್ ತರಿಸಿದ್ದಾನೆ. ಬೆನ್ನಿನ ಮೇಲೆ ಗರಗಸದ ಹಲ್ಲು, ತುದಿಯಲ್ಲೊಂದು ಕೊಕ್ಕೆ ಇದೆ. ಎರಡನೇ ಕುರಿಗೇ ಮೊಂಡಾಯಿತು, ತೊಗಲಿನಲ್ಲಿ ನಾಲ್ಕೈದು ತೂತು ಬೇರೆ. ಎಂಥ ಚೂರಿ ತಗೊಳ್ಳಬೇಕು? ಊರಿನ ಕುಲುಮೆಯಲ್ಲಿ ಮಾಡಿಸಬಹುದೆ?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಚೂರಿ ಬದಲಿಸಿ. ಆದರೆ ತೂತು ಬಿದ್ದಿದ್ದಕ್ಕೆ ಚೂರಿಯ ಜೊತೆ ಅದನ್ನು ಬಹಳ ಹೊತ್ತು ಹಿಡಿದಿದ್ದೂ ಕಾರಣ. ಆಡು-ಕುರಿಯ ತೊಗಲು ಮೈಗೆ ಅಂಟಿರುವುದು ತೆಳ್ಳನೆಯ ಪೊರೆಯಿಂದ. ಮೈ ಬಿಸಿ ಇರುವಾಗ ಆ ಪೊರೆ ಮುಷ್ಟಿಗೇ ಬಿಡುತ್ತದೆ. ಹಿಂಗಾಲಿನ ನರಕ್ಕೆ ಕೊಕ್ಕೆ ಹಾಕಿ ತೂಗುಬಿಡಿ. ಗಂಟಿನ ಸುತ್ತ ತೊಗಲು ಕತ್ತರಿಸಿ, ತೊಡೆಯ ಒಳಮಗ್ಗುಲಲ್ಲಿ ಗೀರು ಎಳೆದು, ಅಲ್ಲಿಂದ ಹೊಟ್ಟೆಯ ನಡುವೆ ಕುತ್ತಿಗೆವರೆಗೆ ಸೀಳಿ. ಚೂರಿಯ ಕೆಲಸ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಎಡಗೈಯಲ್ಲಿ ತೊಗಲು ಬಿಗಿಯಾಗಿ ಎಳೆದು ಹಿಡಿದು, ಬಲಗೈ ಮುಷ್ಟಿಯನ್ನು ತೊಗಲಿಗೂ ಮಾಂಸಕ್ಕೂ ನಡುವೆ ಒತ್ತುತ್ತ ಹೋಗಿ. ಬಾಲದ ಬುಡ, ಎದೆಯ ಮೂಳೆಯಂಥ ಗಟ್ಟಿ ಜಾಗಕ್ಕೆ ಮಾತ್ರ ಮತ್ತೆ ಅಲಗು ಬೇಕು. ಆಗಲೂ ಅದರ ಬಾಯಿ ತೊಗಲಿನ ಕಡೆಗೆ ತಿರುಗಬಾರದು.

ಎರಡೇ ಕುರಿಗೆ ಮೊಂಡಾಗಲು ಬಹುಪಾಲು ಕಾರಣ ರೋಮ. ಹೊರಗಿನಿಂದ ಒತ್ತಿ ಸೀಳಿದರೆ ಅಲಗು ಮೊದಲು ಕತ್ತರಿಸುವುದು ಮಣ್ಣು, ಮರಳು ಹಿಡಿದ ರೋಮವನ್ನು. ಸಣ್ಣದೊಂದು ಗೀರು ಹಾಕಿ, ಚೂರಿಯ ಬಾಯಿ ಮೇಲಾಗುವಂತೆ ತುದಿಯನ್ನು ತೊಗಲಿನ ಕೆಳಗೆ ತೂರಿಸಿ, ಒಳಗಿನಿಂದ ಹೊರಕ್ಕೆ ಸೀಳಿ. ರೋಮ ಎರಡು ಮಗ್ಗುಲಿಗೆ ಸರಿದುಕೊಳ್ಳುತ್ತದೆ, ಮಾಂಸಕ್ಕೂ ಅಂಟುವುದಿಲ್ಲ. ಹೋತವಾದರೆ ಇನ್ನೂ ಎಚ್ಚರ ಬೇಕು: ರೋಮ ಮುಟ್ಟಿದ ಕೈಯನ್ನು ತೊಳೆಯದೆ ಮಾಂಸ ಮುಟ್ಟಿದರೆ ಆ ವಾಸನೆ ಸಾರಿನವರೆಗೂ ಬರುತ್ತದೆ.

ಈಗ ಚೂರಿ. ಸುಲಿಯಲು 4.5ರಿಂದ 5 ಇಂಚಿನ ಅಲಗು ಸಾಕು. ಅಲಗಿನ ಹೊಟ್ಟೆ ಮುಂದಕ್ಕೆ ಹೋದಂತೆ ಮೇಲಕ್ಕೆ ಬಾಗಿರಬೇಕು, ತುದಿ ಚೂಪಾಗಿರದೆ ತುಸು ದುಂಡಗಿರಬೇಕು. ಬೆನ್ನಿನ ದಪ್ಪ 2.5 ಮಿ.ಮೀ. ಸುತ್ತ. ನಿಮ್ಮ 7 ಇಂಚಿನದರಲ್ಲಿ ತುದಿ ಎಲ್ಲಿದೆ ಎಂಬುದು ಕೈಗೆ ಗೊತ್ತಾಗುವುದಿಲ್ಲ. ಹೊಟ್ಟೆ ಬಗೆಯಲು 3.5 ಇಂಚಿನ ಚೂಪು ಚೂರಿ ಇನ್ನೊಂದಿರಲಿ. ಎರಡು ಬೆರಳನ್ನು ಒಳಗೆ ತೂರಿಸಿ, ಅವುಗಳ ನಡುವೆ ಅಲಗಿನ ತುದಿ ಇಟ್ಟು, ಬೆರಳಿನಿಂದ ಬೋಟಿಯನ್ನು ಒತ್ತಿಕೊಂಡು ಸೀಳಬೇಕು. ಬೋಟಿ ಒಡೆದರೆ ಸಗಣಿಯೆಲ್ಲ ಮಾಂಸದ ಮೇಲೆ. ಅದಕ್ಕೇ ಕೊಯ್ಯುವ 12 ಗಂಟೆ ಮೊದಲಿಂದ ಮೇವು ನಿಲ್ಲಿಸಿ ನೀರು ಮಾತ್ರ ಕೊಡುವುದು. ಅನ್ನನಾಳಕ್ಕೂ ಗುದನಾಳಕ್ಕೂ ದಾರ ಕಟ್ಟಿಯೇ ಹೊರಗೆಳೆಯಿರಿ. ಪಿತ್ತದ ಚೀಲವನ್ನು ಲಿವರಿನ ಒಂದು ಚೂರಿನ ಸಮೇತ ಕತ್ತರಿಸಿ ತೆಗೆದರೆ ಒಡೆಯುವ ಭಯವಿಲ್ಲ. ಮೂಳೆ ಕಡಿಯಲು ಮನೆಯ ಮಚ್ಚು, ಹುಣಸೆ ಕೊರಡು ಇದ್ದೇ ಇವೆ.

ನಿಮ್ಮ ಚೂರಿಯ ತುದಿಯಲ್ಲಿರುವ ಕೊಕ್ಕೆ ಹೊಟ್ಟೆ ಸೀಳಲೆಂದೇ ಇರುವುದು. ಚೂಪಾಗಿರುವವರೆಗೆ ಚೆನ್ನ. ಆದರೆ ಅದರೊಳಗೆ ರೋಮ, ಕೊಬ್ಬು ಸಿಕ್ಕಿಕೊಳ್ಳುತ್ತದೆ, ಚಪ್ಪಟೆ ಕಲ್ಲಿನಲ್ಲಿ ಮಸೆಯಲಾಗುವುದಿಲ್ಲ, ಸಣ್ಣ ದುಂಡು ಅರ ಬೇಕು. ಬೆನ್ನಿನ ಗರಗಸ ಶೋಕಿಗೆ.

ಕುಲುಮೆಯ ಚೂರಿಯನ್ನು ನಾವು ಸಂತೋಷದಿಂದ ಒಪ್ಪುತ್ತೇವೆ, ಹದ ಸರಿಯಾಗಿದ್ದರೆ. ಲಾರಿ ಸ್ಪ್ರಿಂಗ್ ಪ್ಲೇಟಿನಲ್ಲಿ ಸಾಮಾನ್ಯವಾಗಿ 0.6%ರಷ್ಟು ಇಂಗಾಲ ಇರುತ್ತದೆ, ಚೂರಿಗೆ ಒಳ್ಳೆಯ ಉಕ್ಕು. ಕಾಯಿಸಿ ಎಣ್ಣೆಗೆ ಅದ್ದಿದ ಮೇಲೆ ಮತ್ತೆ ಹದವಾಗಿ ಕಾಯಿಸಿ, ಒಣಹುಲ್ಲಿನ ಬಣ್ಣ ಬಂದಾಗ ನಿಲ್ಲಿಸಲು ಆಚಾರ್ರಿಗೆ ಹೇಳಿ. ಆ ಎರಡನೇ ಕಾಯಿಸುವಿಕೆ ತಪ್ಪಿದರೆ ಮೂಳೆ ತಾಗಿದಾಗ ಬಾಯಿ ಚಕ್ಕೆ ಏಳುತ್ತದೆ. ನೀಲಿ ಬಣ್ಣಕ್ಕೆ ಹೋದರೆ ಮೆತ್ತಗಾಗಿ ಮಡಿಯುತ್ತದೆ. ತಂದ ಮೇಲೆ ಪರೀಕ್ಷೆ ಸುಲಭ: ಬಾಯಿಯನ್ನು ಹಿತ್ತಾಳೆ ಸರಳಿನ ಮೇಲೆ ಓರೆಯಾಗಿ ಒತ್ತಿ ಎಳೆಯಿರಿ. ಬಾಗಿ ವಾಪಸು ಬಂದರೆ ಹದ ಸರಿ. ಬಾಗಿದಂತೇ ಉಳಿದರೆ ಮೆತ್ತಗೆ, ಚಕ್ಕೆ ಎದ್ದರೆ ಬಿರುಸು.

ಮೋಟಾರ್ ಸಾಣೆಗೆ ಕೊಡುವಾಗಲೂ ಇದೇ ನೀಲಿಯನ್ನು ಗಮನಿಸಿ. ಕಿಡಿ ಹಾರಿಸಿ ಉಜ್ಜಿದ ಮೇಲೆ ಬಾಯಂಚಿನಲ್ಲಿ ನೀಲಿ ಕಂಡರೆ ಅಷ್ಟು ಭಾಗದ ಹದ ಹೋಯಿತೆಂದೇ ಲೆಕ್ಕ. ಮನೆಯಲ್ಲಿ 400 ಗ್ರಿಟ್ಟಿನ ಒರಟು ಕಲ್ಲು, ಆಮೇಲೆ 1000ದ ನುಣುಪು ಕಲ್ಲು ಸಾಕು. ಒಂದು ಇಂಚು ಅಗಲದ ಅಲಗಾದರೆ ಬೆನ್ನನ್ನು ಕಲ್ಲಿನಿಂದ 8 ಮಿ.ಮೀ. ಎತ್ತಿ ಹಿಡಿಯಿರಿ, 20 ಡಿಗ್ರಿಯ ಹತ್ತಿರ ಬರುತ್ತದೆ. ಎದುರು ಮಗ್ಗುಲಲ್ಲಿ ಬೆರಳಿಗೆ ಸಣ್ಣ ಗರಗರ ಸಿಕ್ಕಿದ ಮೇಲೆ ಮಗುಚಿ.

ಪ್ರಶ್ನೆ: ಅಡಿಕೆ ತೋಟದ ಬೇಲಿಗೆ ಸಿಕ್ಕಿ ಕಾಡುಹಂದಿ ಸತ್ತಿದೆ. ನಾವು ಕೊಂದಿಲ್ಲ. ಸುಲಿಯುವ ಕ್ರಮ ಹೇಗೆ?
— ಹೊಸನಗರ ಕಡೆಯ ಓದುಗರು

ಉತ್ತರ: ಚೂರಿ ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆಯ 39ನೇ ಕಲಮಿನ ಪ್ರಕಾರ ಸತ್ತ ಕಾಡುಪ್ರಾಣಿಯೂ ಸರ್ಕಾರದ ಸ್ವತ್ತು. ಮಾಂಸ ಇಟ್ಟುಕೊಂಡರೂ ಅಪರಾಧ: 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೂಡಲೇ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ. ಬೇಲಿಯಲ್ಲಿ ಉರುಳು ತಂತಿಯೋ ಕರೆಂಟೋ ಇದ್ದರೆ "ನಾವು ಕೊಂದಿಲ್ಲ" ಎಂಬ ಮಾತು ನಿಲ್ಲುವುದಿಲ್ಲ.

ಕಾನೂನು ಬದಿಗಿರಲಿ, ತಾನಾಗಿ ಸತ್ತ ಪ್ರಾಣಿ ಯಾವುದನ್ನೂ, ಮನೆಯ ಕುರಿಯನ್ನೂ, ಬಗೆಯಬಾರದು. ದಿಢೀರ್ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಆಂಥ್ರಾಕ್ಸ್ ಇರಬಹುದು. ಹೊಟ್ಟೆ ತೆರೆದರೆ ರೋಗದ ಬೀಜ ಮಣ್ಣಿಗೆ ಸೇರಿ ವರ್ಷಗಟ್ಟಲೆ ಉಳಿಯುತ್ತದೆ. ಪಶುವೈದ್ಯರನ್ನು ಕರೆಸಿ. ಇನ್ನು ಹಂದಿಯಲ್ಲಿ ಆಫ್ರಿಕನ್ ಹಂದಿ ಜ್ವರವಿದ್ದರೆ ಅದು ಮನುಷ್ಯರಿಗೆ ಅಂಟುವುದಿಲ್ಲ, ಆದರೆ ನಿಮ್ಮ ಚೂರಿ, ಚಪ್ಪಲಿ ಹಿಡಿದು ಸಾಕುಹಂದಿಯ ದೊಡ್ಡಿಗೆ ಬರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಚರ್ಮದ ಒರೆಯಲ್ಲಿಟ್ಟ ಚೂರಿ ತುಕ್ಕು ಹಿಡಿಯುತ್ತದೆ. ಏನು ಮಾಡುವುದು?
— ಸಾಗರದ ಓದುಗರು

ಉತ್ತರ: ಒರೆಯಿಂದ ತೆಗೆದಿಡಿ. ಮಲೆನಾಡಿನ ಜೂನ್-ಜುಲೈಯಲ್ಲಿ ಚರ್ಮ ತೇವ ಹೀರಿ ಅಲಗಿಗೆ ಒತ್ತಿ ಹಿಡಿಯುತ್ತದೆ. ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಒಲೆಯ ಬಿಸಿ ತಾಗುವ ಗೋಡೆಗೆ ತೂಗುಹಾಕಿ. ಮರದ ಹಿಡಿಯಾದರೆ ನೀರಲ್ಲಿ ನೆನೆಹಾಕಬೇಡಿ. ಹಿಡಿಯೊಳಗೆ ಹೋಗಿರುವ ಅಲಗಿನ ಬಾಲಕ್ಕೆ ತುಕ್ಕು ಹಿಡಿಯುವುದು ಹೊರಗೆ ಕಾಣುವುದಿಲ್ಲ, ಒಂದು ದಿನ ಅಲಗು ಕೈಯಲ್ಲೇ ಕಳಚುತ್ತದೆ. ಅಲ್ಲಾಡಲು ಶುರುವಾಗಿದ್ದರೆ ಹಿಡಿ ಬಿಚ್ಚಿಸಿ, ತುಕ್ಕು ಉಜ್ಜಿಸಿ, ಅರಗು ತುಂಬಿಸಿ ಮತ್ತೆ ಕೂರಿಸಿಕೊಳ್ಳಿ.