ಅಜ್ಜನ ಹೆಸರಿದೆ, ಅಜ್ಜಿಯದಿಲ್ಲ

ಪ್ರಶ್ನೆ: ನಮ್ಮ ಸೊಸೆ ಅಮೆರಿಕದವಳು, ಮ್ಯಾಸಚೂಸೆಟ್ಸ್ ಕಡೆಯ ಹಳೇ ಮನೆತನ. ಮೊಮ್ಮಗನಿಗಾಗಿ ವಂಶಾವಳಿ ಬರೆಯುತ್ತಿದ್ದಾಳೆ. ಅವಳ ಕಡೆಯದು 1790ರ ಜನಗಣತಿಗೆ ಬಂದು ನಿಂತಿದೆ. ಅದರಲ್ಲಿ ಅಜ್ಜನ ಹೆಸರಿದೆ, ಅಜ್ಜಿಯದಿಲ್ಲ. ನಮ್ಮ ಕಡೆಯದು ಮಾವನವರ ಅಜ್ಜನಿಗೇ ಮುಗಿಯಿತು. ಇನ್ನೂ ಹಿಂದಕ್ಕೆ ಹೋಗುವುದು ಹೇಗೆ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಅಕ್ಕಾವ್ರೇ, ಆ ಗಣತಿಯಲ್ಲಿ ಅಜ್ಜಿಯನ್ನು ಹುಡುಕಿ ಸುಮ್ನೆ ದಣಿಯಬೇಡ ಅಂತ ಸೊಸೆಗೆ ಹೇಳಿ. 1790ರದು ಅಮೆರಿಕದ ಮೊದಲ ಗಣತಿ. ಮನೆಯ ಯಜಮಾನಿಕೆ ಯಾರದೋ ಅವರ ಹೆಸರು ಮಾತ್ರ ಬರೆದರು. ಉಳಿದವರು ಬರೀ ಲೆಕ್ಕ: ಗಂಡಸರು ಇಷ್ಟು, ಹೆಂಗಸರು ಇಷ್ಟು. ಗುಲಾಮರಲ್ಲದ ಎಲ್ಲರ ಹೆಸರನ್ನೂ ಬರೆಯತೊಡಗಿದ್ದು 1850ರಲ್ಲಿ.

ಆಸ್ತಿಯ ಕಾಗದ ಹಿಡಿಯಲಿ. ವಿಜಯಪುರದ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಧೂಳು ಕುಡಿದವನು ನಾನು. ಹೊಲ ಇದ್ದಲ್ಲಿ ಹೆಸರು ಇರುತ್ತದೆ. ಮೃತ್ಯುಪತ್ರದಲ್ಲಿ ಹೆಂಡತಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಎಷ್ಟೋ ಸಲ ಹೆಸರು ಸಮೇತ ಸಿಗುತ್ತಾರೆ. ಮ್ಯಾಸಚೂಸೆಟ್ಸ್ ರಾಜ್ಯದ ಅನೇಕ ಊರುಗಳ ಹುಟ್ಟು, ಮದುವೆ, ಸಾವಿನ ಪಟ್ಟಿಗಳು 1850ರವರೆಗಿನವು ಅಚ್ಚಾಗಿಯೂ ಇವೆ. ಅಜ್ಜ 1775ರಿಂದ 1783ರ ಸ್ವಾತಂತ್ರ್ಯ ಯುದ್ಧದಲ್ಲಿ ಇದ್ದರೆ ಇನ್ನೂ ಅನುಕೂಲ. ಅಂಥ ಸೈನಿಕರ ವಿಧವೆಯರು ಪಿಂಚಣಿ ಕೇಳುವಾಗ ಮದುವೆಯ ಸಾಕ್ಷಿ ಕೊಡಬೇಕಿತ್ತು. ಮಕ್ಕಳು ಹುಟ್ಟಿದ ದಿನ ಬರೆದಿಟ್ಟಿದ್ದ ಮನೆಯ ಬೈಬಲ್ಲಿನ ಹಾಳೆಯನ್ನೇ ಕೆಲವರು ಕಿತ್ತು ಕಳಿಸಿದ್ದಾರೆ! ಪಿಂಚಣಿಗಾಗಿ ಜನ ಏನೇನು ಲಗತ್ತಿಸುತ್ತಾರೆ ಅಂತ ನಾನೂ ಕಂಡಿದ್ದೇನೆ.

ಒಂದೇ ಹೆಸರಿನವರ ಬಗ್ಗೆ ಮಾತ್ರ ಹುಷಾರು. ಅಲ್ಲಿ ಅಪ್ಪನ ಹೆಸರು ಮಗನಿಗೆ, ನಮ್ಮಲ್ಲಿ ಅಜ್ಜನದು ಮೊಮ್ಮಗನಿಗೆ. ನಾನೇ ಒಬ್ಬ ಬಸಪ್ಪನನ್ನು ಮುತ್ತಜ್ಜ ಅಂತ ವಂಶಾವಳಿಗೆ ಸೇರಿಸಿಬಿಟ್ಟಿದ್ದೆ. ಆಮೇಲೆ ಚಕ್ಕುಬಂದಿ, ಅಂದರೆ ಹೊಲದ ನಾಲ್ಕೂ ದಿಕ್ಕಿನ ಗಡಿಯ ವಿವರ, ಓದಿದರೆ, ಅವನ ಹೊಲದ ಪೂರ್ವಕ್ಕೆ ಇನ್ನೊಬ್ಬ ಬಸಪ್ಪನ ಹೊಲ. ನಮ್ಮವನು ಆ ಇನ್ನೊಬ್ಬ.

ನಿಮ್ಮ ಕಡೆಯದಕ್ಕೆ ಮೊದಲು ಮನೆತನಗಳ ವಂಶಾವಳಿ ಬರೆದಿಟ್ಟು ಓದುವ ಹೆಳವರನ್ನು ಕೇಳಿ. ಸುಗ್ಗಿ ಮುಗಿದ ಮೇಲೆ ಬರುತ್ತಾರಲ್ಲ. ಮೂಲ ಊರು, ಬೆಡಗು (ಕುಲದ ಒಳಗಿನ ಬಳಿ), ಯಾರ ಮಗ ಯಾರು, ಎಲ್ಲ ಅವರ ಹೊತ್ತಿಗೆಯಲ್ಲಿರುತ್ತದೆ. ಕಚೇರಿಯ ಕಾಗದ ಆಮೇಲೆ. ಜಮಖಂಡಿ 1948ರವರೆಗೆ ಸಂಸ್ಥಾನವಾಗಿತ್ತು. ಹಳೆಯ ಪತ್ರ ಸಿಕ್ಕರೆ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಬಲ್ಲವರೂ ಬೇಕಾದಾರು.

ನಮ್ಮ ಮನೆಗೆ ಬಂದ ಹೆಳವರು ಏಳು ತಲೆಮಾರು ಓದಿದರು. ಒಂದು ಹೆಣ್ಣಿನ ಹೆಸರೂ ಬರಲಿಲ್ಲ. ಪಡಸಾಲೆಯಲ್ಲಿ ಕೂತಿದ್ದ ನಮ್ಮಕ್ಕ ಕೇಳಿದಳು: “ನನ್ನ ಹೆಸರೂ ಬರ್ಕೋರಿ. ಜ್ವಾಳಾ ಹಾಕಿದಾಕಿ ನಾ ಅಲ್ಲೇನ್ರಿ?”

ಬರೆದುಕೊಂಡರು.