ಟ್ಯೂಬಲ್ಲಿ ಎದ್ದೇಳದ ಹುಡುಗ್ರ ಬಗ್ಗೆ, ಕಾರವಾರದ ತಮ್ಮನಿಗೆ

ತಮ್ಮಾ, ಕಾರವಾರದಿಂದ ಲಂಡನ್ನಿಗೆ ಬಂದು ತಿಂಗಳೂ ಆಗಿಲ್ಲ ಅಂದೆ, ಚಳಿ, ಬ್ಯಾಂಕು, ರೂಮು ಎಲ್ಲಾ ಕೇಳಿದೀಯ, ಅದೆಲ್ಲ ಅಡ್ಡಿಲ್ಲ, ಆಗ್ತದೆ. ಆದ್ರೆ ಕೊನೆಗೆ ಬರ್ದಿದ್ಯಲ್ಲ, ಟ್ಯೂಬಲ್ಲಿ, ಅಂದ್ರೆ ಇಲ್ಲಿನ ನೆಲದಡಿ ರೈಲಲ್ಲಿ, ನಿಲ್ಲೋಕಾಗದವ್ರಿಗೆ ಅಂತಿರೋ ಪ್ರಯಾರಿಟಿ ಸೀಟಲ್ಲಿ ಗಟ್ಟಿಮುಟ್ಟಾದ ಹುಡುಗ್ರು ಕೂತಿರ್ತಾರೆ, ಅಜ್ಜಂದ್ರು ಹತ್ತಿದ್ರೂ ಏಳೋದಿಲ್ಲ, ಇವ್ರಿಗೆ ಸಂಸ್ಕಾರವೇ ಇಲ್ವಾ ಅಂತ, ಅದಕ್ಕೆ ಮೊದ್ಲು ಹೇಳ್ತೆ.

ನಾನು ಶಿರಸಿಯವ, ಇಲ್ಲಿ ಬಹಳ ವರ್ಷ ಆಯ್ತು. ನನ್ನ ಆಫೀಸಲ್ಲಿ ಹೊನ್ನಾವರ ಕಡೆಯ ಹುಡುಗಿ ಇದ್ಲು, ಮೂವತ್ತೂ ಆಗಿಲ್ಲ, ನೋಡಿದ್ರೆ ಎಂತದೂ ಇಲ್ಲ, ಆದ್ರೆ ಅವಳಿಗೆ ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದ್ಮೇಲೆ ಕೀಲು ಸವೆದು ಬರೋ ಮಂಡಿನೋವಲ್ಲ ಅದು, ಮೈ ಕಾಯ್ಬೇಕಾದ ಶಕ್ತಿಯೇ ಕೀಲುಗಳ ಮೇಲೆ ಬೀಳೋದು, ಯಾವ ವಯಸ್ಸಲ್ಲೂ ಬರ್ತದೆ. ಬೆಳಿಗ್ಗೆ ಬೆರಳು ಮಡಚೋಕೂ ಆಗ್ತಿರ್ಲಿಲ್ಲ, ಮಧ್ಯಾಹ್ನದ ಮೇಲೆ ಸುಮಾರು ಸಡಿಲ, ಹಾಗಾಗಿ ಬೆಳಿಗ್ಗೆ ಕೂತು ಹೋಗೋಳು ಸಂಜೆ ನಿಂತೇ ಬರ್ತಿದ್ಲು. ಒಂದಿನ ಟ್ಯೂಬಿನ ನಾರ್ದರ್ನ್ ಲೈನಲ್ಲಿ ಒಬ್ಬ ಹೆಂಗಸು ಎಲ್ರೆದುರು ಅವಳಿಗೆ ಬೈದ್ರು, ನಾಚಿಕೆ ಆಗಲ್ವಾ ಅಂತ. ಇವಳು ತುಟಿ ಬಿಚ್ಚಲಿಲ್ಲ, ಎದ್ದು ಕಂಬ ಹಿಡಿಯೋಕೆ ಬೆರಳು ಬಗ್ಗದೆ ಮೊಣಕೈ ಸುತ್ತಿ ನಿಂತ್ಲು. ಆ ಹೆಂಗಸೂ ಕೆಟ್ಟವ್ರಲ್ಲ, ಪಕ್ಕದಲ್ಲಿದ್ದ ಮುದುಕರ ಪರವಾಗೇ ಮಾತಾಡಿದ್ದು, ನೀನು ಬರ್ದಿರೋದೂ ಅದೇ ಕಾಳಜಿಯಿಂದ ಅಂತ ನಂಗೊತ್ತು.

ಊರಲ್ಲಿ ಈ ಕಷ್ಟ ಇಲ್ಲ ನೋಡು. ಶಿರಸಿ-ಕುಮಟಾ ಬಸ್ಸು ದೇವಿಮನೆ ಘಟ್ಟ ಇಳಿಯೋದ್ರೊಳಗೆ ಪಕ್ಕದವ್ರ ಆಪರೇಷನ್ ಎಲ್ಲಾಯ್ತು, ಖರ್ಚೆಷ್ಟು ಎಲ್ಲಾ ಗೊತ್ತಾಗಿರ್ತದೆ, ಸೀಟು ಯಾರಿಗೆ ಬೇಕು ಅಂತ ಊಹೆ ಮಾಡೋದೇ ಬೇಡ. ಇಲ್ಲಿ ಯಾರೂ ಕೇಳಲ್ಲ, ಹೇಳೋದೂ ಇಲ್ಲ. ಅದಕ್ಕೇ 2017ರಿಂದ ಇಲ್ಲಿನ ಟ್ಯೂಬು, ಬಸ್ಸು ನೋಡ್ಕೊಳ್ಳೋ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್‌ನವ್ರು ನೀಲಿ ಬ್ಯಾಡ್ಜ್ ಕೊಡ್ತಾರೆ, ದಯವಿಟ್ಟು ಸೀಟು ಕೊಡಿ ಅಂತ ಬರ್ದಿರ್ತದೆ, ಅದಕ್ಕೆ ಡಾಕ್ಟರ್ ಚೀಟಿಯೂ ಬೇಡ. ಸರ್ಕಾರಿ ವ್ಯವಸ್ಥೆಯೇ ಪುರಾವೆ ಕೇಳದೆ ನಂಬ್ತದೆ, ನಂಗೆ ಬಹಳ ಹಿಡಿಸಿದ್ದು ಅದು. ಕೊರಳಿಗೆ ಹಾಕೋ ಹಸಿರು ಪಟ್ಟಿ ಮೇಲೆ ಸೂರ್ಯಕಾಂತಿ ಹೂವಿರೋ ಲ್ಯಾನ್ಯಾರ್ಡ್ ಕಂಡ್ರೂ ಹಾಗೇ, ಕಣ್ಣಿಗೆ ಕಾಣದ ತೊಂದ್ರೆ ಇದೆ ಅಂತ, 2016ರಲ್ಲಿ ಗ್ಯಾಟ್ವಿಕ್ ಏರ್‌ಪೋರ್ಟಲ್ಲಿ ಶುರುವಾಗಿದ್ದು. ಎರಡೂ ಹಾಕದವ್ರು ಬೇಕಾದಷ್ಟು ಜನ, ಸಣ್ಣ ವಯಸ್ಸಲ್ಲಿ ಕಾಯಿಲೆನ ಎದೆ ಮೇಲೆ ತೋರಿಸ್ಕೊಂಡು ತಿರುಗೋಕೆ ಯಾರಿಗೆ ಮನಸ್ಸಾಗ್ತದೆ ಹೇಳು.

ಇನ್ಮೇಲೆ ಅಜ್ಜ ಹತ್ತಿದ್ರೆ ನೀನು ಕೂತಿರೋ ಸೀಟು ಕೊಡು. ನೀನೂ ನಿಂತಿದ್ರೆ ಇಡೀ ಸಾಲಿಗೆ ಕೇಳಿಸೋ ಹಾಗೆ, ಯಾರಿಗಾದ್ರೂ ಏಳೋಕೆ ಆಗ್ತದಾ ಅಂತ ಕೇಳು, ಒಬ್ರನ್ನೇ ಬೊಟ್ಟು ಮಾಡ್ಬೇಡ, ಆಗೋರು ಎದ್ದೇಳ್ತಾರೆ. ರೂಮಿನ ಕರಾರಿಗೆ ಸಹಿ ಹಾಕೋ ಮೊದ್ಲು ನಂಗೊಮ್ಮೆ ಕಳ್ಸು, ಓದಿ ಹೇಳ್ತೆ.