ಜೇಬಿನಲ್ಲಿದ್ದ ‘ನಾರ್ಮಲ್’ ರಿಪೋರ್ಟು

ಯಕೃತ್ತಿನ ರಕ್ತಪರೀಕ್ಷೆ ಸರಿಯಿದೆ ಎಂಬ ಹಾಳೆಯನ್ನೇ ಕುಡಿಯಲು ಸಿಕ್ಕ ಪರವಾನಗಿಯೆಂದು ಹಿಡಿದವರು ಮದ್ಯವ್ಯಸನದ ಸಲಹೆಗಾರಿಕೆಗೆ ನನ್ನಲ್ಲಿಗೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಅಂಥ ಒಬ್ಬರ ಪ್ರಕರಣವನ್ನು ಗುರುತು ಸಿಗದಂತೆ ವಿವರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವರು ನಲವತ್ತು ದಾಟಿದ ವಾಹನ ಚಾಲಕರು. ರಾತ್ರಿ ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ., ವಿಸ್ಕಿ, ಬೆಳಿಗ್ಗೆ ಎರಡು ಚಮಚ ಲಿವರ್ ಟಾನಿಕ್, ಇದು ಹಲವು ವರ್ಷಗಳ ಕ್ರಮ. ಪತ್ನಿಯ ಒತ್ತಾಯಕ್ಕೆ ಬಂದಿದ್ದರು.

ಮೂರನೆಯ ಭೇಟಿಯಲ್ಲಿ ಅಂಗಿಯ ಜೇಬಿನಿಂದ ಆ ರಿಪೋರ್ಟನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಮಡಿಚಿ ಮಡಿಚಿ ಕಾಗದ ಅಂಚಿನಲ್ಲಿ ಹರಿಯತೊಡಗಿತ್ತು. “ಎಲ್ಲಾ ನಾರ್ಮಲ್, ನೋವೂ ಇಲ್ಲ” ಎಂದರು. ಯಕೃತ್ತಿನ ಒಳಭಾಗಕ್ಕೆ ನೋವು ತಿಳಿಯುವುದಿಲ್ಲ, ಅದು ಊದಿಕೊಂಡು ಹೊರಪೊರೆ ಬಿಗಿದಾಗಷ್ಟೇ ನೋಯುತ್ತದೆ. ಸಿರೋಸಿಸ್, ಅಂದರೆ ಯಕೃತ್ತು ಕಲೆಗಟ್ಟಿ ಗಡುಸಾಗುವ ಕಾಯಿಲೆ, ಆದವರಲ್ಲೂ ಈ ರಕ್ತಪರೀಕ್ಷೆ ಅಳೆಯುವ ಕಿಣ್ವಗಳ ಅಂಕಿ ಮಿತಿಯೊಳಗೇ ಇರಬಹುದು ಎಂದು ವಿವರಿಸಿದೆ. ಅವರ ಮುಖ ಬದಲಾಗಲಿಲ್ಲ.

ಆಗ ಅದೇ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಬರೆದೆ. ಶೇ 42.8 ಮದ್ಯಸಾರವಿರುವ 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಮೊದಲು ಅದನ್ನು ಅಸಿಟಾಲ್ಡಿಹೈಡ್ ಎಂಬ ವಿಷವಾಗಿಯೂ ಅನಂತರ ನಿರಪಾಯದ ಅಸಿಟೇಟ್ ಆಗಿಯೂ ಮಾರ್ಪಡಿಸುತ್ತದೆ, ಮತ್ತು ಅಷ್ಟು ಹೊತ್ತೂ ಕೊಬ್ಬನ್ನು ಉರಿಸುವ ಕೆಲಸ ಹಿಂದೆ ಬಿದ್ದು ಅದು ಯಕೃತ್ತಿನಲ್ಲೇ ಕೂಡಿಕೊಳ್ಳುತ್ತದೆ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರಿನ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹತ್ತಕ್ಕೆ ಕುಡಿದದ್ದು ಮುಗಿಯಲು ಬೆಳಗಿನ ನಾಲ್ಕರಿಂದ ಆರೂವರೆ ಆಗುತ್ತದೆ. ಅವರು ಗಾಡಿ ತೆಗೆಯುತ್ತಿದ್ದುದು ಐದೂವರೆಗೆ.

ಬಹಳ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, “ಹಂಗಾದ್ರೆ ನಾನು ಮಲಗಿದ್ರೂ ಅದು ಮಲಗಲ್ವಾ?” ಎಂದರು. ಬೆಳಿಗ್ಗೆ ಕೈ ನಡುಗುತ್ತದೆ, ಸ್ಟೇರಿಂಗ್ ಬಿಗಿಯಾಗಿ ಹಿಡಿದು ಅದನ್ನು ಮರೆಸುತ್ತೇನೆ ಎಂಬುದನ್ನು ಅಂದೇ ಮೊದಲ ಬಾರಿ ಹೇಳಿದರು. “ಇವತ್ತೇ ಬಿಟ್ಟೆ” ಎಂದೂ ಸೇರಿಸಿದರು.

ಮನೆಯಲ್ಲಿ ಒಬ್ಬರೇ ಕೂತು ಒಮ್ಮೆಲೇ ಬಿಡಬೇಡಿ ಎಂದೆ. ಪತ್ನಿ ಸಿಟ್ಟಾದರು, ಬಿಡುತ್ತೇನೆ ಎಂದವರನ್ನು ತಡೆಯುವ ಸಲಹೆಗಾರರೂ ಉಂಟೇ ಎಂದು ಕೇಳಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೂ ಆ ಮಾತನ್ನು ಇಂದಿಗೂ ಬದಲಿಸಲಾರೆ. ನಿತ್ಯ ಕುಡಿದು ಬೆಳಿಗ್ಗೆ ನಡುಗುವ ದೇಹ ಹಠಾತ್ತಾಗಿ ಮದ್ಯ ನಿಂತಾಗ ಎರಡು ದಿನದೊಳಗೆ ಫಿಟ್ಸ್‌ಗೆ, ಆಮೇಲೆ ಭ್ರಾಂತಿಗೆ ಒಳಗಾಗಿ ಪ್ರಾಣಕ್ಕೇ ಕುತ್ತು ಬರಬಹುದು. ವೈದ್ಯರ ನಿಗಾದಲ್ಲಿ ಔಷಧಿಯೂ ಥಯಾಮಿನ್ ವಿಟಮಿನ್ನೂ ಸಿಕ್ಕರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು. ಆದ್ದರಿಂದ ಅಂದೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟು, ಅವರು ಹೇಳುವವರೆಗೆ ಗಾಡಿ ಮುಟ್ಟಬಾರದೆಂದೂ, ತಲೆನೋವಿಗೆ ತಾವಾಗಿ ಪ್ಯಾರಾಸಿಟಮಾಲ್ ನುಂಗಬಾರದೆಂದೂ, ಕುಡಿತ ಮುಂದುವರಿಸಿ ಟಾನಿಕ್ ಕುಡಿದರೆ ಯಕೃತ್ತಿಗೆ ರಕ್ಷಣೆಯಿಲ್ಲವೆಂದೂ ತಿಳಿಸಿದೆ.

ಸ್ಕ್ಯಾನಿಂಗ್‌ನಲ್ಲಿ ಕೊಬ್ಬಿನ ಯಕೃತ್ತು ಕಂಡಿತು. ಕುಡಿತ ಪೂರ್ತಿ ನಿಂತರೆ ಕೆಲವೇ ವಾರಗಳಲ್ಲಿ ಸರಿಹೋಗಬಲ್ಲ ಹಂತವದು. ವಾರ್ಡಿನಲ್ಲಿ ಎರಡನೆಯ ದಿನ ಅವರ ಕೈ ಲೋಟ ಹಿಡಿಯಲಾರದಷ್ಟು ನಡುಗಿತೆಂದು, ತಾವೇ ನೀರು ಕುಡಿಸಿದ್ದಾಗಿ ಪತ್ನಿ ಫೋನಿನಲ್ಲಿ ಹೇಳಿದರು.